ಕೊಡ್ಲಿಗೊಂದು ಡೇನಿಷ್ ಖಾನಾವಳಿ

ಕಲಬುರಗಿ ಜಿಲ್ಲೆಯ ನಮ್ಮ ಕೊಡ್ಲಿಗೆ ಈಗ ತುರ್ತಾಗಿ ಬೇಕಾಗಿರುವುದು ಒಂದು ಡೇನಿಷ್ ಹೋಟೆಲು. ರಸ್ತೆ, ಬಸ್ಸು, ಡಾಕ್ಟರು ಎಂದು ಕೇಳಿ ಕೇಳಿ ನಮ್ಮ ಮಂದಿಯ ಗಂಟಲು ಒಣಗಿದೆ. ಕೇಳುವ ವಸ್ತುವನ್ನೇ ಬದಲಾಯಿಸಿದರೆ ಕೊಡುವವರಿಗೂ ಒಂದಿಷ್ಟು ಹುರುಪು ಬಂದೀತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಲ್ಲಾದರೂ ಮಾಡಬಹುದು, ಆದರೆ ಕೊಡ್ಲಿಯೇ ಲೇಸು. ಇಂಥ ಹೋಟೆಲು ಸುಲಭಕ್ಕೆ ಮುಟ್ಟುವ ಜಾಗದಲ್ಲಿ ಇದ್ದರೆ ಅದರ ಮರ್ಯಾದೆ ಹೋಗುತ್ತದೆ. ಆ ಅರ್ಹತೆಯನ್ನು ನಮ್ಮ ರಸ್ತೆಗಳು ಆಗಲೇ ಸಂಪಾದಿಸಿಕೊಟ್ಟಿವೆ.

ಹನ್ನೆರಡೇ ಕುರ್ಚಿ. ಏನು ಬೇಕು ಎಂದು ಯಾರೂ ಕೇಳುವುದಿಲ್ಲ. ಆ ಹಂಗಾಮಿನಲ್ಲಿ ಹೊಲದಲ್ಲಿ ಏನಿದೆಯೋ ಅದು ತಟ್ಟೆಗೆ ಬರುತ್ತದೆ, ಗಿರಾಕಿ ತಕರಾರಿಲ್ಲದೆ ತಿನ್ನಬೇಕು. ಈ ಪದ್ಧತಿ ನಮ್ಮ ಮನೆಗಳಲ್ಲಿ ಮುತ್ಯಾನ ಕಾಲದಿಂದ ಇದೆ. ಬಿಲ್ಲು ಮಾತ್ರ ಇರಲಿಲ್ಲ.

ಡೇನರು ನಮಗೇನು ಪರಕೀಯರಲ್ಲ, ಸಿಮೆಂಟಿನ ಕಡೆಯಿಂದ ಬೀಗರು. ಹೆನ್ನಿಂಗ್ ಹಾಲ್ಕ್-ಲಾರ್ಸನ್, ಸೋರೆನ್ ಟೂಬ್ರೊ ಎಂಬ ಇಬ್ಬರು ಡೇನಿಷ್ ಎಂಜಿನಿಯರುಗಳು ಭಾರತಕ್ಕೆ ಬಂದದ್ದು ಎಫ್.ಎಲ್. ಸ್ಮಿಡ್ತ್ ಎಂಬ ಸಿಮೆಂಟ್ ಯಂತ್ರದ ಕಂಪನಿಯ ನೌಕರರಾಗಿ. 1938ರಲ್ಲಿ ಮುಂಬಯಿಯಲ್ಲಿ ಇಬ್ಬರೂ ಸೇರಿ ಲಾರ್ಸನ್ ಅಂಡ್ ಟೂಬ್ರೊ ಕಟ್ಟಿದರು. ಆ ಕಂಪನಿಯ ಸಿಮೆಂಟ್ ವ್ಯವಹಾರ 2004ರಲ್ಲಿ ಬಿರ್ಲಾ ಮನೆಗೆ ಹೋಗಿ ಅಲ್ಟ್ರಾಟೆಕ್ ಆಯಿತು. ಇವತ್ತು ಕಾಗಿಣಾ ದಂಡೆಯ ಮಳಖೇಡದಲ್ಲಿ ರಾಷ್ಟ್ರಕೂಟರ ಕೋಟೆಗಿಂತ ಎತ್ತರವಾಗಿ ಕಾಣುವ ಚಿಮಣಿ ಅದೇ ಅಲ್ಟ್ರಾಟೆಕ್ಕಿನದು. ನಮ್ಮ ಸುಣ್ಣದ ಕಲ್ಲಿಗೆ ಬೆಲೆ ಉಂಟೆಂದು ತೋರಿಸಿದವರ ಸಾಲಿನಲ್ಲಿ ಡೇನರೂ ಇದ್ದಾರೆ. ಹಾಗಾದರೆ ನಮ್ಮ ರೊಟ್ಟಿಗೂ ಬೆಲೆ ಉಂಟೆಂದು ಅವರೇ ಬಂದು ಹೇಳಲಿ. ನಾವು ಹೇಳಿದರೆ ನಾವೇ ನಂಬುವುದಿಲ್ಲ.

ಡೆನ್ಮಾರ್ಕಿನ ಅಡುಗೆಯ ಕಥೆ ಕೇಳಿದರೆ ನಮ್ಮದೇ ಓಣಿಯ ಕಥೆ ಕೇಳಿದಂತಾಗುತ್ತದೆ. ಇಪ್ಪತ್ತೈದು ವರ್ಷದ ಹಿಂದೆ ಕೋಪನ್‌ಹೇಗನ್ನಿನಲ್ಲಿ ದೊಡ್ಡ ಊಟ ಅಂದರೆ ಫ್ರೆಂಚ್ ಊಟ. ರೈ ರೊಟ್ಟಿ, ಉಪ್ಪು ಮೀನು, ಗಡ್ಡೆ ಗೆಣಸು ಬಡವರ ಪಾಲು. 2003ರಲ್ಲಿ ಕ್ಲಾಸ್ ಮೇಯರ್, ರೆನೆ ರೆಡ್ಜೆಪಿ ಕೂಡಿ ನೋಮಾ ಎಂಬ ಹೋಟೆಲು ತೆರೆದು, ನಮ್ಮ ನೆಲದಲ್ಲಿ, ನಮ್ಮ ಕಡಲಲ್ಲಿ ಸಿಗುವುದನ್ನೇ ಬಡಿಸುತ್ತೇವೆ ಎಂದಾಗ ಊರಿನ ಬಾಣಸಿಗರು ಬಿದ್ದು ಬಿದ್ದು ನಕ್ಕರು. ಮರುವರ್ಷ ಹನ್ನೆರಡು ಮಂದಿ ಬಾಣಸಿಗರು ಹತ್ತು ಅಂಶಗಳ ಪ್ರಣಾಳಿಕೆಗೆ ಸಹಿ ಹಾಕಿದರು: ಋತುಮಾನ ತಟ್ಟೆಯಲ್ಲಿ ಕಾಣಬೇಕು, ಆಯಾ ಮಣ್ಣಿನ ಪದಾರ್ಥವೇ ಆಗಬೇಕು, ಇತ್ಯಾದಿ. ನಾರ್ಡಿಕ್ ದೇಶಗಳ ಮಂತ್ರಿಗಳ ಪರಿಷತ್ತು ಬೆನ್ನಿಗೆ ನಿಂತಿತು. 2010ರಲ್ಲಿ ನೋಮಾ ಜಗತ್ತಿನ ಮೊದಲನೇ ನಂಬರ್ ಹೋಟೆಲು ಅನ್ನಿಸಿಕೊಂಡಿತು. ಆಮೇಲೂ ನಾಲ್ಕು ಸಲ ಆ ಪಟ್ಟ ಸಿಕ್ಕಿತು. ನಕ್ಕವರೆಲ್ಲ ಬುಟ್ಟಿ ಹಿಡಿದು ಸೊಪ್ಪು ಹುಡುಕಲು ಕಾಡಿಗೆ ಹೊರಟರು.

ನಮ್ಮಲ್ಲಿ ಬುಟ್ಟಿ ಹಿಡಿದು ಹೊಲದ ಬದುವಿಗೆ ಹೋಗುವವಳಿಗೆ ಇನ್ನೂ ಬಡವಿ ಅನ್ನುತ್ತೇವೆ.

ಡೆನ್ಮಾರ್ಕಿನ ಚಳಿಯಲ್ಲಿ ನಿಂಬೆ ಬೆಳೆಯುವುದಿಲ್ಲ. ಹುಳಿಗೆ ಏನು ಗತಿ ಎಂದು ತಲೆ ಕೆರೆದುಕೊಂಡು ರೆಡ್ಜೆಪಿ ಇರುವೆ ಹಿಡಿದರು. 2012ರಲ್ಲಿ ಲಂಡನ್ನಿಗೆ ಹೋಗಿ, ಎಲೆಕೋಸಿನ ಮೇಲೆ ಜೀವಂತ ಇರುವೆ ಬಿಟ್ಟು ಬಡಿಸಿದರು. ತಿಂದವರು ಪುಣ್ಯವಂತರು. ನಮ್ಮ ಕಡೆ ಕಡ್ಲಿ ಹೊಲದ ಮೇಲೆ ರಾತ್ರಿ ತೆಳ್ಳನೆ ಬಿಳಿ ಬಟ್ಟೆ ಹಾಸಿ, ಎಲೆಯ ಹುಳಿ ಇಬ್ಬನಿಯ ಜೊತೆ ಬಟ್ಟೆಗೆ ಇಳಿದ ಮೇಲೆ ಬೆಳಗಿನ ಜಾವ ಹಿಂಡಿ ಸೀಸೆಯಲ್ಲಿ ತುಂಬಿಡುವ ಕ್ರಮವಿತ್ತು. ಹೊಟ್ಟೆನೋವಿಗೆ ಅದೇ ಔಷಧ. ಇಬ್ಬನಿಯಿಂದ ಹುಳಿ ತೆಗೆಯುವುದನ್ನು ಕೋಪನ್‌ಹೇಗನ್ನಿನಲ್ಲಿ ಯಾರಾದರೂ ಮಾಡಿದ್ದರೆ ಅದಕ್ಕೊಂದು ಪ್ರಯೋಗಾಲಯ, ಒಂದು ದಪ್ಪ ಪುಸ್ತಕ, ಒಂದು ಸಾಕ್ಷ್ಯಚಿತ್ರ ಆಗುತ್ತಿತ್ತು. ನಮ್ಮಲ್ಲಿ ಅದನ್ನು ಬಲ್ಲ ಆಯಿ ಇಲ್ಲವಾದಳು. ಸೀಸೆ ಗುಜರಿಗೆ ಹೋಯಿತು, ಹೊಟ್ಟೆನೋವಿಗೆ ಮೆಡಿಕಲ್ ಶಾಪಿನ ಗುಳಿಗೆ ಬಂತು.

ಆದ್ದರಿಂದ ಕೊಡ್ಲಿ ಹೋಟೆಲಿಗೆ ಡೆನ್ಮಾರ್ಕಿನಿಂದ ಏನನ್ನೂ ತರಿಸಬೇಕಿಲ್ಲ, ಹೆಸರೊಂದು ಸಾಕು. ಮಳೆಗಾಲದ ಊಟ: ಬೇಲಿಯ ಕರ್ಚಿಕಾಯಿ, ಗೋಳಿಪಲ್ಯ, ಪುಂಡಿಪಲ್ಯ. ಚಳಿಗಾಲದ್ದು: ಜೋಳದ ಹೊಲದಲ್ಲಿ ತಾನೇ ಹುಟ್ಟಿದ ಹತ್ತರಕಿ, ಕೆಂಡದಲ್ಲಿ ಸುಟ್ಟ ಸೀತನಿ, ಉಪ್ಪು ಹಾಕಿ ಕುದಿಸಿದ ತೊಗರಿಕಾಯಿ. ನಮ್ಮ ಜಿಲ್ಲೆಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕವೂ ಸಿಕ್ಕಿದೆ, ತಟ್ಟೆಯ ಪಕ್ಕ ಪ್ರಮಾಣಪತ್ರ ಇಡಬಹುದು. ಎಳ್ಳಮಾಸಿಗೆ ವಿಶೇಷ: ಹಸಿ ಕಾಳು, ಸೊಪ್ಪು, ತರಕಾರಿ ಒಂದೇ ಪಾತ್ರೆಯಲ್ಲಿ ಬೆಂದ ಭಜ್ಜಿ, ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಅಂಬಲಿ. ಹೊಲಕ್ಕೆ ಚರಗ ಚೆಲ್ಲುವ ಕಾರ್ಯಕ್ರಮಕ್ಕೆ ಬೇರೆ ಟಿಕೆಟ್ಟು. ಬೇಸಿಗೆಯದು: ಒಣಗಿಸಿಟ್ಟ ಕಡ್ಲಿಪಲ್ಯ, ಹುಣಸಿ ತೊಕ್ಕು, ಗುರೆಳ್ಳು ಹಿಂಡಿ, ಖಡಕ್ ರೊಟ್ಟಿ. ಸ್ಕ್ಯಾಂಡಿನೇವಿಯದವರೂ ತೆಳ್ಳಗೆ ತಟ್ಟಿ, ಕಟಕಟ ಅನ್ನುವಂತೆ ಒಣಗಿಸಿ, ತಿಂಗಳುಗಟ್ಟಲೆ ಇಟ್ಟು ತಿನ್ನುವ ರೊಟ್ಟಿ ಮಾಡುತ್ತಾರೆ. ಅಲ್ಲಿ ಹಿಮ ಬಿದ್ದು ಹೊಲ ಮುಚ್ಚುತ್ತದೆ, ಇಲ್ಲಿ ಬಿಸಿಲು ಬಿದ್ದು ಹೊಲ ಬಾಯಿ ಬಿಡುತ್ತದೆ. ಎರಡೂ ಕಡೆ ಅಡುಗೆ ಕಲಿಸಿದ ಗುರು ಬರಗಾಲವೇ.

ತಟ್ಟೆಯ ಚಿಂತೆಯೂ ಇಲ್ಲ. ಈಗಿನ ದುಬಾರಿ ಹೋಟೆಲುಗಳು ಪಿಂಗಾಣಿ ಬಿಟ್ಟು ಕರಿಕಲ್ಲಿನ ಹಲಗೆ ಮೇಲೆ ಬಡಿಸುತ್ತವೆ. ಶಹಾಬಾದಿನ ಫರ್ಸಿ ನಮ್ಮಲ್ಲಿ ನೆಲಕ್ಕೆ, ಕಟ್ಟೆಗೆ, ಬಚ್ಚಲಿಗೆ, ದನದ ಕೊಟ್ಟಿಗೆಗೆ ಹಾಸಿ ಮಿಕ್ಕಿದೆ. ಅದೇ ಕಲ್ಲನ್ನು ಅಂಗೈಯಗಲ ಕತ್ತರಿಸಿ, ಮೇಲೆ ಮೂರು ತುತ್ತು ಭಜ್ಜಿ ಇಟ್ಟು, ಪಕ್ಕದಲ್ಲಿ ಒಂದು ಪುಂಡಿ ಎಲೆ ನಿಲ್ಲಿಸಿದರೆ ಮುಗಿಯಿತು. ಗಾಳಿ ಬಂದ ದಿಕ್ಕು ನೋಡಿ ಮೇಲೊಂದಿಷ್ಟು ಸಿಮೆಂಟ್ ಧೂಳು ತಾನಾಗಿ ಉದುರುತ್ತದೆ. ಅದಕ್ಕೆ ಚಾರ್ಜು ಇಲ್ಲ.

ದರ ಎಷ್ಟಿಡುವುದು? 2017ರಲ್ಲಿ ನೋಮಾ ಮೆಕ್ಸಿಕೊದ ತುಲುಮ್‌ನಲ್ಲಿ ಕೆಲವು ವಾರ ತಾತ್ಕಾಲಿಕ ಹೋಟೆಲು ನಡೆಸಿ ಒಂದು ಊಟಕ್ಕೆ 600 ಡಾಲರ್ ಇಟ್ಟಿತ್ತು, ತೆರಿಗೆ ಬೇರೆ. ಈಗಿನ ಲೆಕ್ಕದಲ್ಲಿ 50 ಸಾವಿರ ರೂಪಾಯಿ ದಾಟುತ್ತದೆ. ಕರ್ನಾಟಕದಲ್ಲಿ 2025-26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ನೂರು ದಿನ ಪೂರ್ತಿ ಕೆಲಸ ಸಿಕ್ಕಿದ್ದರೆ 37 ಸಾವಿರ. ಅಂದರೆ ಚಿಂಚೋಳಿಯ ತಾಂಡಾದವರು ಆ ವರ್ಷದ ಖಾತ್ರಿಯನ್ನೆಲ್ಲ ಕೂಡಿಟ್ಟಿದ್ದರೂ ಕೊನೆಯ ಸಿಹಿ ಬರುವ ಮುಂಚೆ ಎದ್ದು ಬರಬೇಕಾಗುತ್ತಿತ್ತು. ಪರವಾಗಿಲ್ಲ, ಅವರು ಗಿರಾಕಿಗಳಲ್ಲ. ಅವರು ಅಷ್ಟೊತ್ತಿಗೆ ಪುಣೆಯಲ್ಲೋ ಹೈದರಾಬಾದಿನಲ್ಲೋ ಕಟ್ಟಡದ ಕೆಲಸದಲ್ಲಿ ಇರುತ್ತಾರೆ, ನಮ್ಮದೇ ಸಿಮೆಂಟು ಕಲಸುತ್ತ.

ಹೋಟೆಲಿಗೆ ಇನ್ನು ಬೇಕಾದದ್ದು ಅಡುಗೆಯವರು. ಅಸಲು ಕಥೆ ಇಲ್ಲಿದೆ. ನೋಮಾದ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಸೊಪ್ಪಿನ ಎಲೆ ಬಿಡಿಸಿದವರಲ್ಲಿ ಅನೇಕರು ಸಂಬಳವಿಲ್ಲದ ತರಬೇತಿಯ ಹುಡುಗ ಹುಡುಗಿಯರು. ಟೀಕೆ ಜೋರಾಗಿ 2022ರಲ್ಲಿ ಅವರಿಗೆ ಸಂಬಳ ಶುರುವಾಯಿತು. 2023ರ ಜನವರಿಯಲ್ಲಿ ರೆಡ್ಜೆಪಿ, ಈ ರೀತಿ ಹೋಟೆಲು ನಡೆಸುವುದು ಇನ್ನು ಸಾಧ್ಯವಿಲ್ಲ, ಎಂದಿನ ಊಟದ ಸೇವೆ ನಿಲ್ಲಿಸುತ್ತೇವೆ ಎಂದು ಸಾರಿದರು. ಒಂದು ಊಟಕ್ಕೆ ಅರ್ಧ ಲಕ್ಷ ಕಿತ್ತರೂ, ಎಲೆ ಬಿಡಿಸುವ ಕೈಗೆ ಕೂಲಿ ಕೊಟ್ಟು ಆ ವ್ಯವಹಾರ ಗಿಟ್ಟಲಿಲ್ಲ.

ಕೊಡ್ಲಿಯಲ್ಲಿ ಈ ಗಂಡಾಂತರವೇ ಇಲ್ಲ. ಇಲ್ಲಿ ನಸುಕಿನಲ್ಲಿ ಎದ್ದು ಒಲೆ ಹಚ್ಚಿ, ಹೊಗೆಯಲ್ಲೇ ಇಪ್ಪತ್ತು ರೊಟ್ಟಿ ಬಡಿದು, ಆಮೇಲೆ ತೊಗರಿ ಹೊಲಕ್ಕೆ ಹೋಗುವವಳಿಗೆ ತರಬೇತಿಯ ಸರ್ಟಿಫಿಕೇಟೂ ಇಲ್ಲ, ಸಂಬಳವೂ ಇಲ್ಲ, ಅಡುಗೆಮನೆ ಮುಚ್ಚುತ್ತೇನೆ ಎಂದು ಸಾರುವ ಅಧಿಕಾರವಂತೂ ಇಲ್ಲವೇ ಇಲ್ಲ. ಆಕೆಗೆ ಡೇನಿಷ್ ಹೋಟೆಲಿನ ವಿಚಾರ ಹೇಳಿ ನೋಡಿ.

“ಏನೋ ತಮ್ಮಾ, ಹತ್ತರಕಿ ತಿನ್ನಲಾಕ ವಿಮಾನದಾಗ ಮಂದಿ ಬರ್ತಾರಂತ?”

“ಹೌದಬೇ ಆಯಿ, ರೊಕ್ಕ ಕೊಟ್ಟು ತಿಂತಾರ.”

“ಹಂಗಾದ್ರ ರೊಟ್ಟಿ ಬಡಿಯಾಕೂ ಅವರನ್ನೇ ಕರಕೊಂಬಾ. ನಾ ಒಂದಿನ ಕುರ್ಚಿ ಮ್ಯಾಲ ಕುಂತು ಉಣತೀನಿ.”

ನಮ್ಮ ಹೋಟೆಲಿನ ಯೋಜನಾ ವರದಿಯಲ್ಲಿ ಈ ಅಂಶಕ್ಕೆ ಕಾಲಂ ಇಲ್ಲ.

ರೊಟ್ಟಿ ಬಡಿಯುವಾಕೆಯನ್ನು ಮರೆತ ನಾವು ಜೋಳವನ್ನೂ ಮರೆತೆವು. 2013ರಿಂದ ಅನ್ನಭಾಗ್ಯದ ಅಕ್ಕಿ ಬಂತು, ಹಸಿವು ಇಳಿಯಿತು, ಅದು ದೊಡ್ಡ ಮಾತು. ಆದರೆ ಜೋಳ ಉಣ್ಣುವ ಸೀಮೆಯ ಚೀಲದಲ್ಲಿ ಜೋಳಕ್ಕೆ ಜಾಗ ಕೇಳಲು ನಾವು ಎದ್ದದ್ದು ತಡವಾಗಿ. ನಮ್ಮ ಮದುವೆಗಳಲ್ಲಿ ಪನೀರ್ ಬಟರ್ ಮಸಾಲಕ್ಕೆ, ಗೋಬಿ ಮಂಚೂರಿಗೆ ನಡುಮನೆ, ಜೋಳದ ರೊಟ್ಟಿಗೆ ಮೂಲೆಯ ಕೌಂಟರು. ಅಲ್ಲೊಬ್ಬಳು ಇಳಕಲ್ ಸೀರೆ ಉಟ್ಟು ಬಡಿಯುತ್ತಿರಬೇಕು, ನೆಂಟರು ಫೋಟೊ ಹೊಡೆದುಕೊಂಡು ನಾನ್ ಕಡೆ ಹೋಗಬೇಕು. 2023 ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷವಾಯಿತು. ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೇಳ ನಡೆಯಿತು, ಭಾಷಣಗಳಾದವು. ಜೋಳ ಬೆಳೆದವನು ಮಾತ್ರ ತನ್ನ ಮಾರುಕಟ್ಟೆಯಲ್ಲಿ ದಲಾಲಿ ಹೇಳಿದ ಬೆಲೆಗೆ ಚೀಲ ಇಳಿಸಿ ಬಂದ.

ಇಷ್ಟರ ನಡುವೆ ಒಂದು ಒಳ್ಳೆಯ ಕೆಲಸ ದೊಡ್ಡ ಹೋಟೆಲುಗಳಿಗೆ ಕೊಡುವ ಯಾವ ನಕ್ಷತ್ರವೂ ಇಲ್ಲದೆ ನಡೆದಿದೆ. ಕಲಬುರಗಿ ಜಿಲ್ಲೆಯ ಹೆಣ್ಣುಮಕ್ಕಳು ಕೂಡಿ ತಮ್ಮ ಜೋಳದ ರೊಟ್ಟಿಯನ್ನು ‘ಕಲಬುರಗಿ ರೊಟ್ಟಿ’ ಎಂಬ ಬ್ರಾಂಡು ಮಾಡಿ ಮಾರುತ್ತಿದ್ದಾರೆ. 2025ರ ಜೂನ್‌ನಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲಿ ಹೆಸರೆತ್ತಿದ ಮೇಲೆ ನಮ್ಮ ಊರಿನ ಗಣ್ಯರಿಗೂ ಈ ರೊಟ್ಟಿಯ ರುಚಿ ಹತ್ತಿತು. ದಿಲ್ಲಿ ಹೇಳಿದ್ದನ್ನು ಇಷ್ಟು ಬೇಗ ನಂಬುವವರು ಕೋಪನ್‌ಹೇಗನ್ ಹೇಳಿದ್ದರೆ ಕುಣಿದಾಡುತ್ತಿದ್ದರು. ಆದರೂ ಅಂಗಡಿಯ ಮುಂದೆ ನಿಂತಾಗ ಹತ್ತು ರೂಪಾಯಿಯ ರೊಟ್ಟಿಯನ್ನು ಎಂಟಕ್ಕೆ ಕೊಡು ಎನ್ನುವ ಚಟ ಬಿಟ್ಟಿಲ್ಲ. ಪಿಜ್ಜಾದವನ ಹತ್ತಿರ ಹೀಗೆ ಕೇಳಿದವರನ್ನು ಯಾರಾದರೂ ಕಂಡಿದ್ದೀರಾ?

ಆದ್ದರಿಂದ ಕೊಡ್ಲಿಯ ಡೇನಿಷ್ ಹೋಟೆಲಿನ ಪ್ರಸ್ತಾವವನ್ನು ಹಿಂದಕ್ಕೆ ತೆಗೆದುಕೊಳ್ಳಲಾಗಿದೆ. ಡೇನರಿಂದ ನಾವು ಕಲಿಯಬೇಕಾದದ್ದು ಇರುವೆ ತಿನ್ನುವುದನ್ನಲ್ಲ. ತಮ್ಮ ಬಡವರ ಊಟಕ್ಕೆ ಅವರು ನಾಚಲಿಲ್ಲ, ಅದನ್ನು ಕಲಿತರೆ ಸಾಕು. ಅವರ ಅಡುಗೆಮನೆ ಎಡವಿದ್ದು ದುಡಿದವರ ಕೂಲಿಯ ಲೆಕ್ಕದಲ್ಲಿ, ಅದನ್ನು ನಾವು ಕಲಿಯುವುದು ಬೇಡ, ನಮಗೆ ಚೆನ್ನಾಗಿಯೇ ಬರುತ್ತದೆ. ಮುಂದಿನ ಮದುವೆಗೆ ರೊಟ್ಟಿ ಹೇಳುವವರು ದಯವಿಟ್ಟು ಬಡಿಯುವಾಕೆ ಕೇಳಿದಷ್ಟು ಕೊಡಿ, ಪೂರ್ತಿ ಕೊಡಿ, ಮೊದಲೇ ಕೊಡಿ.