ನರಕದ ಒಡೆಯ ಸಂಗ್ರಹಪ್ಪ

ಹಳೆ ನಾಣ್ಯ, ಸ್ಟಾಂಪು, ಬೆಂಕಿಪೊಟ್ಟಣದ ಚೀಟಿ ಕೂಡಿಡುವವರು ಪಾಪದ ಜನ. ಅವರಿಂದ ಮನೆಯವರಿಗೂ ತೊಂದರೆಯಿಲ್ಲ, ನೆರೆಯವರಿಗೂ ಇಲ್ಲ. ತುಮಕೂರಿನ ಸಂಗ್ರಹಪ್ಪನವರು ಆ ಪೈಕಿಯಲ್ಲ. ಬ್ಯಾಂಕಿನಿಂದ ನಿವೃತ್ತರಾಗಿ ಎಸ್.ಎಸ್. ಪುರಂ ಮನೆಯಲ್ಲಿ ಕೂತ ಮೇಲೆ ಅವರು ಹಿಡಿದದ್ದು ಸಾಲ್ವಡಾರ್ ಡಾಲಿಯನ್ನು. ಗಡಿಯಾರಗಳನ್ನು ತುಪ್ಪದಂತೆ ಕರಗಿಸಿ ಬರೆದ, ಮೀಸೆಯನ್ನು ಆಕಾಶಕ್ಕೆ ತಿರುವಿದ ಸ್ಪೇನಿನ ಚಿತ್ರಗಾರ.

ಇಟಲಿ ಸರ್ಕಾರ 1950ರಲ್ಲಿ ಇದೇ ಡಾಲಿಗೆ ತನ್ನ ನಾಡಿನ ಕವಿ ದಾಂತೆಯ ನರಕ-ಸ್ವರ್ಗಗಳ ಮಹಾಕಾವ್ಯಕ್ಕೆ ಚಿತ್ರ ಬರೆಯಲು ಹೇಳಿತ್ತು. ‘ನಮ್ಮ ಕವಿಗೆ ಸ್ಪೇನಿನವನೇ?’ ಎಂದು ಅಲ್ಲಿ ಗಲಾಟೆ. ಗದುಗಿನ ಭಾರತಕ್ಕೆ ಹೊರಗಿನವನು ಚಿತ್ರ ಬರೆಯುತ್ತೇನೆಂದರೆ ನಾವಾದರೂ ಸುಮ್ಮನಿರುತ್ತಿದ್ದೆವೇ? ಸರ್ಕಾರ ಹಿಂದೆ ಸರಿಯಿತು, ಫ್ರಾನ್ಸಿನ ಪ್ರಕಾಶಕರು ಮುಂದೆ ಬಂದರು. ನೂರು ಚಿತ್ರಗಳಿಗೆ ಮೂರು ಸಾವಿರಕ್ಕೂ ಹೆಚ್ಚು ಅಚ್ಚು ಕೊರೆಸಿ, ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು ಒತ್ತಿ, 1960ರ ದಶಕದ ಆರಂಭದಲ್ಲಿ ಹೊರತಂದರು. ಎಣಿಸಿ ನಂಬರು ಹಾಕಿದ ‘ಸೀಮಿತ ಮುದ್ರಣ’ ಎಂದರೂ ಅಚ್ಚಾದದ್ದು ಸಾವಿರಗಟ್ಟಲೆ ಸೆಟ್ಟು. ಅಂಥ ಒಂದು ಸೆಟ್ಟು ಬಿಡಿಬಿಡಿಯಾಗಿ ಮಾರಾಟವಾದಾಗ ನರಕಕಾಂಡದ ಒಂದು ಹಾಳೆ ತುಮಕೂರಿಗೆ ಬಂತು.

“ಮನೇಲಿರೋ ನರಕ ಸಾಲ್ದು ಅಂತ ನಮ್ಮನೆಯವ್ರು ಫ್ರಾನ್ಸಿಂದ ಬೇರೆ ತರಿಸಿದಾರೆ. ಸ್ವರ್ಗಕ್ಕೆ ದುಡ್ಡು ಸಾಲಲಿಲ್ವಂತೆ” ಎಂದು ಅವರ ಹೆಂಡತಿ ಬಂದವರಿಗೆಲ್ಲ ಕಾಫಿ ಜೊತೆ ಹಂಚುತ್ತಾರೆ.

ಆ ಹಾಳೆ ಗೋಡೆ ಕಂಡಿಲ್ಲ. ಬಿಸಿಲಿಗೆ ಬಣ್ಣ ಹೋಗುತ್ತದೆ, ತೇವಕ್ಕೆ ಬೂಷ್ಟು ಬರುತ್ತದೆ ಎಂದು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಮಲಗಿದೆ. ನೋಡಲೇಬೇಕೆಂದರೆ ಮೆಡಿಕಲ್ ಸ್ಟೋರಿನ ಕೈಗವಸು ತೊಡಬೇಕು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಬಂದವರಿಗೆ ಅಂದು ದರ್ಶನವೇ ಇಲ್ಲ. ಅಷ್ಟೆಲ್ಲ ದಾಟಿದರೆ ಸಂಗ್ರಹಪ್ಪನವರು ಭೂತಗನ್ನಡಿ ಹಿಡಿದು ತೋರಿಸುವುದು ಅಂಚಿನಲ್ಲಿರುವ ಪೆನ್ಸಿಲ್ ಸಹಿಯನ್ನು. ನಡುವೆ ಯಾರು ಯಾವ ಪಾಪಕ್ಕೆ ನರಳುತ್ತಿದ್ದಾರೆ ಎಂದು ಕೇಳಿದರೆ, “ಅದನ್ನ ಪುಸ್ತಕದಲ್ಲಿ ಬರ್ದಿರ್ತಾರೆ” ಎನ್ನುತ್ತಾರೆ. ಮದುವೆ ಕಾಗದ ಕೊಟ್ಟವರನ್ನೂ “ಎಷ್ಟು ಪ್ರತಿ ಹಾಕಿಸಿದ್ರಿ?” ಎಂದು ವಿಚಾರಿಸುವವರು ಇವರೊಬ್ಬರೇ.

ಡಾಲಿ ಖಾಲಿ ಹಾಳೆಗಳಿಗೂ ಸಹಿ ಹಾಕಿ ಮಾರಿದ್ದ. 1974ರಲ್ಲಿ ಫ್ರಾನ್ಸಿನ ಸುಂಕದವರು ಒಂದು ಲಾರಿ ತಡೆದರೆ ಅದರಲ್ಲಿ ಅಂಥ 40,000 ಹಾಳೆ! ಖಾಲಿ ಪತ್ರಕ್ಕೆ ಸಹಿ ಹಾಕಿ ಹೊಲ ಕಳೆದುಕೊಂಡವರನ್ನು ನಮ್ಮ ಜಿಲ್ಲೆ ಕಂಡಿದೆ, ಗಳಿಸಿದವನನ್ನು ಕಂಡಿರಲಿಲ್ಲ. ಗೆಳೆಯರೊಬ್ಬರು ಬೇಕೆಂದೇ ಈ ಸುದ್ದಿ ಎತ್ತಿದಾಗ ಸಂಗ್ರಹಪ್ಪ ಒಂದಿಷ್ಟೂ ಅಳುಕದೆ, “ಆ ಖಾಲಿ ಹಾಳೆ ಒಂದು ಸಿಗುತ್ತಾ ನೋಡ್ರಿ” ಎಂದರು.

1957ರಲ್ಲಿ ‘ಡಾನ್ ಕ್ವಿಕ್ಸಾಟ್’ ಕಾದಂಬರಿಯ ಚಿತ್ರಗಳಿಗಾಗಿ ಡಾಲಿ ಹಳೆಯ ಕೋವಿಗೆ ಮಸಿ ಗುಂಡು ತುಂಬಿ ಅಚ್ಚುಕಲ್ಲಿಗೆ ಹೊಡೆದಿದ್ದ. ಆ ಚಿತ್ರಗಳಲ್ಲೊಂದರ ಕುದುರೆಯ ಫೋಟೊ ಹಿಡಿದು ಸಂಗ್ರಹಪ್ಪ ಕುಣಿಗಲ್‌ಗೆ ಹೋದರು. ಅಲ್ಲಿನ ಕುದುರೆ ಫಾರಂ ಟಿಪ್ಪುವಿನ ದಂಡಿನ ಕಾಲದ್ದು. ಕುದುರೆ ಬಲ್ಲವರ ಅಭಿಪ್ರಾಯ ಬೇಕಲ್ಲ! ಲಾಯದಲ್ಲಿ ದುಡಿದು ಹಣ್ಣಾದ ಮುದುಕರೊಬ್ಬರು ಫೋಟೊ ತಿರುಗಿಸಿ ತಿರುಗಿಸಿ ನೋಡಿ, “ಇದು ರೇಸಿಗೆ ಬರಾಕಿಲ್ಲ ಸೋಮಿ. ಮೊದ್ಲು ಡಾಕ್ಟ್ರಿಗೆ ತೋರ್ಸಿ” ಎಂದರು. ನನ್ನ ಮಟ್ಟಿಗೆ ಡಾಲಿಯ ಬಗ್ಗೆ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ಅತ್ಯುತ್ತಮ ವಿಮರ್ಶೆ ಇದೇ.

ಇನ್ನು ಗುಬ್ಬಿ. ಆ ಊರಿನ ವೀರಣ್ಣನವರ ನಾಟಕ ಕಂಪನಿ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದು ‘ಕುರುಕ್ಷೇತ್ರ’ ಆಡಿದ್ದರಿಂದ ಅಲ್ಲಿನ ಅಟ್ಟಗಳಲ್ಲಿ ಹಳೆಯ ಚಿತ್ರವೇನಾದರೂ ಸಿಕ್ಕೀತೆಂಬ ಆಸೆ. ಅಲ್ಲೇ ಇರುವ ಸಂಗ್ರಹಪ್ಪನವರ ಸೋದರತ್ತೆಯ ಹಜಾರದಲ್ಲಿ ರವಿವರ್ಮನ ಶಕುಂತಲೆಯಿದ್ದಳು. ಕಾಲಿನ ಮುಳ್ಳು ತೆಗೆಯುವ ನೆಪದಲ್ಲಿ ಹಿಂದಕ್ಕೆ ತಿರುಗಿ ದುಷ್ಯಂತನನ್ನು ಹುಡುಕುವವಳು. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಹಾಕಿ, ಕಾಳಿದಾಸನನ್ನೂ ಮಹಾಭಾರತವನ್ನೂ ಕಲ್ಲಚ್ಚಿನಲ್ಲಿ ಒತ್ತಿ ಮನೆಮನೆಗೆ ಕಳಿಸಿದ. ಎಷ್ಟು ಬೇಕೋ ಅಷ್ಟು ಪ್ರತಿ, ನಂಬರು ಗಿಂಬರು ಇಲ್ಲ. ಈ ಶಕುಂತಲೆಯ ಸೆರಗಿಗೆ ಮನೆಯ ಯಾವ ಹೆಂಗಸೋ ಜರಿ, ಚಮಕಿ ಹೊಲಿದಿದ್ದಳು. ಮುಖಕ್ಕೆ ಒಲೆಯ ಹೊಗೆ ಹತ್ತಿತ್ತು.

ಸಂಗ್ರಹಪ್ಪ ಚೌಕಟ್ಟಿನ ಸುತ್ತ ಭೂತಗನ್ನಡಿ ಆಡಿಸಿ, “ಇದ್ರಲ್ಲಿ ನಂಬರೇ ಇಲ್ವಲ್ಲ ಅತ್ತೆ” ಎಂದರು.

“ನಂಬ್ರ ಬಸ್ಸಿಗಿರ್ತೈತೆ ಕಣಪ್ಪ” ಎಂದರು ಅತ್ತೆ. “ಇವ್ಳು ನಮ್ಮತ್ತೆ ಕಾಲದಿಂದ ಇಲ್ಲೇ ಅವ್ಳೆ.”

ಸಂಗ್ರಹಪ್ಪ ಬೆಲೆ ಕಟ್ಟಿದರು. ಅತ್ತೆ ಮಜ್ಜಿಗೆ ಕೊಟ್ಟು ಕಳಿಸಿದರು. ಆದರೂ ಅವರಿನ್ನೂ ಆಸೆ ಬಿಟ್ಟಿಲ್ಲ. ಗುಬ್ಬಿ ಕಡೆ ಬೇರೆ ಅಟ್ಟಗಳನ್ನು ವಿಚಾರಿಸುತ್ತಿದ್ದಾರೆ. ನಿಮ್ಮ ಅಜ್ಜಿಮನೆಯಲ್ಲೂ ಒಬ್ಬ ಶಕುಂತಲೆಯೋ ದಮಯಂತಿಯೋ ಇದ್ದರೆ, ಅವರು ಬಂದು ಬೀರುವಿಗೆ ಸಾಗಿಸುವ ಮೊದಲು ಒರೆಸಿ ಹಜಾರಕ್ಕೆ ತೂಗುಹಾಕಿಬಿಡಿ.