ಕಾಕಾನ ತಲೆಗೆ ಕಾಲು ಭಾಗ ರಿಯಾಯಿತಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ: ಯಾವ ಊರಿಗಾದರೂ ಹೋಗಿ, ಮುಖಕ್ಕೆ ಅರವತ್ತು, ತಲೆಗೆ ಇಪ್ಪತ್ತೈದು ತುಂಬಿದ ಕಾಕಾ ಒಬ್ಬ ಇದ್ದೇ ಇರುತ್ತಾನೆ. ಶಹಾಬಾದಿನಲ್ಲಿ ಫರಸಿ ಮಾರುತ್ತಾನೆ, ಸೇಡಂನಲ್ಲಿ ತೊಗರಿ ಅಡತಿ ನಡೆಸುತ್ತಾನೆ. ನಮ್ಮ ಕಾಕಾ ವಾಡಿಯವನು, ಸಿಮೆಂಟ್ ಫ್ಯಾಕ್ಟರಿಯಿಂದ ನಿವೃತ್ತನಾದವನು. ನೌಕರಿ ಇರುವತನಕ ಬಣ್ಣದ ಗೊಡವೆ ಇರಲಿಲ್ಲ. ಬಿಳಿಗೂದಲು ಯಾರ ಕಣ್ಣಿಗಾದರೂ ಬಿದ್ದರೆ "ಧೂಳ್ ಕುಂತದ ರೀ" ಅಂದರೆ ಮುಗಿಯಿತು. 1968ರಿಂದ ಸಿಮೆಂಟ್ ಸುಡುತ್ತಿರುವ ಊರಿನಲ್ಲಿ ಆ ಮಾತಿಗೆ ಎದುರಾಡುವವರು ಯಾರು? ನಿವೃತ್ತಿಯ ಮೇಲೆ ಎಷ್ಟು ಜಳಕ ಮಾಡಿದರೂ ಧೂಳು ಹೋಗಲಿಲ್ಲ. ಆಗ ಮನೆಗೆ ಕಪ್ಪು ಪುಡಿ ಬಂತು.

ತೊಡಕಾದದ್ದು ಬಸ್ಸಿನಲ್ಲಿ. ಮಗಳನ್ನು ಕೊಟ್ಟದ್ದು ಚಿಂಚೋಳಿಗೆ, ಅಲ್ಲಿಗೆ ರೈಲಿಲ್ಲ. ಸೇಡಂವರೆಗಿನ ರೈಲಿನಲ್ಲೂ ಹಿರಿಯರ ರಿಯಾಯಿತಿ 2020ರಲ್ಲೇ ನಿಂತಿದೆ. ಸಾರಿಗೆ ಬಸ್ಸಿನಲ್ಲಿ ಮಾತ್ರ ಅರವತ್ತಾದವರಿಗೆ ನೂರಕ್ಕೆ 25 ಕಡಿಮೆ. ಕಂಡಕ್ಟರ್ ತಲೆ ನೋಡಿ, "ಅಣ್ಣಾರ, ನಿಮಗ ಹೆಂಗ ಹಿರಿಯರ ಟಿಕೆಟ್ ಕೊಡ್ಲಿ? ಆಧಾರ್ ತೋರಸ್ರಿ" ಅಂದ. ಆಧಾರ್ ಕಿಸೆಯಲ್ಲೇ ಇತ್ತು. ಆದರೆ ಹಿಂದಿನ ಸೀಟಿನಲ್ಲಿ ಬೀಗರ ಕಡೆಯವರಿದ್ದರು. ಕಾಕಾ ಪೂರ್ತಿ ದುಡ್ಡು ತೆತ್ತ. ಪಕ್ಕದಲ್ಲಿ ಕಾಕು, 2023ರ ಶಕ್ತಿ ಯೋಜನೆಯ ಪುಣ್ಯದಿಂದ, ಬೆಳ್ಳನೆಯ ತಲೆಯಲ್ಲೇ ಪುಕ್ಕಟೆ ಕೂತಿದ್ದಳು.

ಕಂಡಕ್ಟರನಿಗೆ ಹಿರಿಯನಾಗಿ, ಬೀಗರಿಗೆ ಹರೆಯದವನಾಗಿ ಕಾಣಿಸುವ ಬಣ್ಣ ಬೇಕಾಯಿತು. ಹೈದರಾಬಾದಿನ ಮಗ ಕಂದು ಬಣ್ಣದ ಡಬ್ಬಿ ಕಳಿಸಿದ. ಕಿವಿಯ ಹಿಂದೆ ಹಚ್ಚಿ 48 ತಾಸು ಕಾಯಿರಿ ಎಂದು ಡಬ್ಬಿಯ ಮೇಲೆ ಬರೆದಿತ್ತು. "ವಾಡಿ ಬಿಸಿಲು ತಿಂದ ಚರ್ಮಕ್ಕ ಇದೇನ್ ಮಾಡ್ತದ?" (ಈ ವಿಷಯದಲ್ಲಿ ನಾನು ಡಬ್ಬಿಯ ಪಕ್ಷ. ಒಳಗಿರುವ ಪಿಪಿಡಿ ಎಂಬ ರಾಸಾಯನಿಕ ಒಗ್ಗದಿದ್ದರೆ ಮುಖವೇ ಊದಿಕೊಳ್ಳುತ್ತದೆ.)

ಭಾನುವಾರ ಮುಂಜಾನೆ ತೂತುಬಿದ್ದ ಬನಿಯನ್, ಹಳೆಯ ಹಲ್ಲುಜ್ಜುವ ಬ್ರಷ್, ಪ್ಲಾಸ್ಟಿಕ್ ಬಟ್ಟಲು ಅಂಗಳಕ್ಕಿಳಿದವು. "ತಲಿ ಏನರ ಆಗ್ಲಿ, ಫರಸಿ ಹೊಲಸ ಮಾಡಬ್ಯಾಡ್ರಿ" ಅಂತ ಒಳಗಿಂದ ಕಾಕು. ಸುಣ್ಣದಕಲ್ಲಿನ ನೆಲದ ಬೋರ್ ನೀರಿನಲ್ಲಿ ಸಾಬೂನು ನೊರೆ ಕೊಡಲಿಲ್ಲ. ತಲೆ ತೊಳೆಯುವಷ್ಟರಲ್ಲಿ ಬಿಸಿಲೇರಿತ್ತು. ಕನ್ನಡಿ ನೋಡಿದರೆ ಕರಿಕೂದಲು ಕರಿಯಾಗಿಯೇ ಕೂತಿದೆ. ಹೊಸದಾಗಿ ಹುಟ್ಟಿದ ಬುಡವಷ್ಟೇ ಕೆಂಪಗೆ ಮಿಂಚುತ್ತಿದೆ.

ಕಟಿಂಗ್ ಅಂಗಡಿಯವನು ತಲೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. "ಕಾಕಾ, ಕರೀ ಬಣ್ಣದ ಮ್ಯಾಲ ಕಂದು ಏರಂಗಿಲ್ಲ. ಬ್ಲೀಚ್ ಹಾಕಿ ಕರೀದು ತಗೀಬೇಕು, ಇಲ್ಲಾ ಬೋಳಿಸಬೇಕು. ತಿಂಗಳಿಗೆ ಅರ್ಧ ಇಂಚ್ ಬರ್ತದ, ಕಾಯ್ರಿ."

ಬೋಳಿಸಿದರೆ ಯಾರು ಹೋದರೆಂದು ಊರೆಲ್ಲ ಕೇಳುತ್ತದೆ. ಕಾಕಾ ರುಮಾಲು ಸುತ್ತಿದ.

ಮುಂದಿನ ಸಲ ಚಿಂಚೋಳಿ ಬಸ್ಸಿನಲ್ಲಿ ಅದೇ ಕಂಡಕ್ಟರ್. ರುಮಾಲು ನೋಡಿದವನೇ ಏನೂ ಕೇಳದೆ, "ತಗೋ ಮುತ್ಯಾ, ಹಿರಿಯರ ಟಿಕೆಟ್" ಅಂದ.

"ಯಾರಲೇ ಮುತ್ಯಾ?" ಕಾಕಾ ರುಮಾಲು ಕಿತ್ತು ತೊಡೆಯ ಮೇಲೆ ಒಗೆದ.

ಕಂಡಕ್ಟರ್ ಆ ಎರಡು ಬಣ್ಣಗಳನ್ನು ಬಗ್ಗಿ ನೋಡಿ, ಕೊಟ್ಟ ಟಿಕೆಟ್ ಹಿಂದಕ್ಕೆ ಹಿಡಿದ. "ಆಧಾರ್ ತೋರಸ್ರಿ, ಅಣ್ಣಾರ."

"ಮದಲ ರುಮಾಲ ಸುತ್ಕೋರಿ," ಕಾಕು ಕಿಟಕಿಯಿಂದ ಮುಖ ತಿರುಗಿಸಲಿಲ್ಲ, "ಮಂದಿ ನೋಡ್ಲಕತ್ತಾರ."