ಆರನೆಯ ನೆರಿಗೆ

ಟೋಕಿಯೋದ ನಿಶಿ ಕಸಾಯಿಯಲ್ಲಿ ನಮ್ಮವರು ಎಷ್ಟಿದ್ದಾರೆಂದರೆ ಹುಣಸೆಹಣ್ಣಿಗೂ ತೊಗರಿಬೇಳೆಗೂ ಪರದಾಡಬೇಕಿಲ್ಲ. ದರ್ಜಿ ಮಾತ್ರ ಮೈಸೂರಿನಿಂದಲೇ ಬರಬೇಕಾಯಿತು. ಬಂದವಳು ನಮ್ಮಮ್ಮ.

ಮಗಳು ಜಪಾನಿ ಕತ್ತಿವರಸೆ ಕೆಂಡೋ ಕಲಿಯುತ್ತಾಳೆ. ಅದಕ್ಕೆ ಹಕಾಮಾ ಬೇಕು, ಅಂದರೆ ಪಾದ ಮುಟ್ಟುವ, ಲಂಗದಂತೆ ಕಾಣುವ ನೆರಿಗೆಯ ಷರಾಯಿ. ಅಂಗಡಿಯಲ್ಲಿ ಪಾಲಿಯೆಸ್ಟರಿನದು ಸಿದ್ಧವಾಗಿಯೇ ಸಿಗುತ್ತದೆ ಎಂದೆ. “ಹೊಲಿಯೋಳು ಮನೇಲಿ ಕೂತಿರುವಾಗ ದುಡ್ಡು ಯಾಕೋ ಸುರೀತೀಯಾ?”

ಸರಿ, ನಿಪ್ಪೋರಿಯ ಬಟ್ಟೆ ಬೀದಿಗೆ ಹೊರಟೆವು. ಕಿಮೋನೋ ಬಟ್ಟೆಯ ಸುರುಳಿ ಸುಮಾರು 12 ಮೀಟರ್ ಉದ್ದ. ಅಗಲ ಮಾತ್ರ 36 ಸೆಂ.ಮೀ. ಆಸುಪಾಸು. ಅಮ್ಮ ಗೇಣು ಹಾಕಿ ನೋಡಿ, “ಇದು ಬಟ್ಟೆಯೋ, ಲಾಡಿಯೋ?” ಎಂದಳು. ನೇರ ಪಟ್ಟಿಗಳಾಗಿ ಕತ್ತರಿಸುವುದರಿಂದ ಚೂರೂ ದಂಡವಾಗುವುದಿಲ್ಲ ಎಂದು ನನ್ನ ಹೆಂಡತಿ ವಿವರಿಸಿದಳು. ಚೂರುಬಟ್ಟೆಯ ಕೈಚೀಲ ಹೊಲಿದೇ ಬಂಧುಬಳಗದಲ್ಲಿ ಹೆಸರು ಮಾಡಿದ ಅಮ್ಮನಿಗೆ ಈ ಪದ್ಧತಿ ರುಚಿಸಲಿಲ್ಲ. ಅಗಲದ ಹತ್ತಿಬಟ್ಟೆಯನ್ನೇ ತಂದೆವು. ಹಕಾಮಾದ ಜೊತೆ ತೊಡುವ ಮೇಲಂಗಿ ಮಾತ್ರ ಕೊಂಡದ್ದು. ಆ ದಪ್ಪ ನೇಯ್ಗೆಗೆ ನಮ್ಮ ಮೆಷಿನ್ನಿನ ಸೂಜಿ ತಡೆಯುತ್ತಿರಲಿಲ್ಲ.

ಜಗಳ ಶುರುವಾದದ್ದು ನೆರಿಗೆಯಲ್ಲಿ. ಮುಂದೆ ಐದೇ ಇರಬೇಕು. “ಬಟ್ಟೆ ಉಳಿದಿದೆ, ಇನ್ನೊಂದು ಹಾಕ್ತೀನಿ.”

“ಅಜ್ಜೀ, ಒಂದೊಂದಕ್ಕೂ ಒಂದೊಂದು ಗುಣ. ಕರುಣೆ, ನ್ಯಾಯ, ವಿನಯ, ವಿವೇಕ, ನಂಬಿಕೆ.”

“ಆರನೇದು ತಾಳ್ಮೆ ಅಂತಿಟ್ಕೊ. ನಿಮ್ಮಪ್ಪನಿಗೂ ಅದೊಂದು ಕಮ್ಮಿ.”

ಮೊಮ್ಮಗಳೇ ಗೆದ್ದಳು. ಸೊಂಟದ ಹಿಂದೆ ಬರುವ ಗಟ್ಟಿ ಹಲಗೆಗೆ ಬಕ್ರಂ ಸಾಲದೆ ನನ್ನ ತೆರಿಗೆ ಕಾಗದಗಳ ಪ್ಲಾಸ್ಟಿಕ್ ಫೈಲು ಕತ್ತರಿಗೆ ಬಿತ್ತು. ಅಂಚಿನಲ್ಲಿ ಅಮ್ಮ ನಾಲ್ಕು ಬೆರಳು ಬಟ್ಟೆ ಒಳಗೆ ಮಡಿಸಿದಳು, ಬೆಳೆಯೋ ಹುಡುಗಿ ಅಂತ. ಜಪಾನಿನಲ್ಲೂ ಮಕ್ಕಳ ಕಿಮೋನೋಗೆ ಭುಜದಲ್ಲಿ, ಸೊಂಟದಲ್ಲಿ ಹೀಗೇ ಮಡಿಕೆ ಹೊಲಿದಿಡುತ್ತಾರೆ. ಅಜ್ಜಿಯರ ಜಾತಿ ಒಂದೇ.

ಅಮ್ಮ ತಕರಾರಿಲ್ಲದೆ ಒಪ್ಪಿದ ನಿಯಮ ಒಂದೇ: ಮೇಲಂಗಿಯ ಎಡಭಾಗ ಮೇಲೆ ಬರಬೇಕು, ಬಲಭಾಗ ಮೇಲೆ ಬರುವುದು ಹೆಣಕ್ಕೆ ಉಡಿಸುವಾಗ. “ನಮ್ಮಲ್ಲೂ ಜನಿವಾರಕ್ಕೆ ಸವ್ಯ, ಅಪಸವ್ಯ ಇಲ್ವೇ?” ಅಂದಿನಿಂದ ರೈಲಿನಲ್ಲಿ ಕಿಮೋನೋ ಉಟ್ಟವರನ್ನೆಲ್ಲ ಬಗ್ಗಿ ಬಗ್ಗಿ ತಪಾಸಣೆ ಮಾಡುತ್ತಾಳೆ.

ಮೊದಲ ಅಭ್ಯಾಸ ಮುಗಿಸಿ ಬಂದ ಮಗಳ ಕೈ, ಕತ್ತು ಎಲ್ಲ ನೀಲಿ. “ಬಣ್ಣ ಬಿಡೋ ಅಂಗಿ! ವಾಪಸ್ಸು ಕೊಟ್ಟು ಬಾರೋ!”

“ಅದು ನೀಲಿಗಿಡದ ಬಣ್ಣ ಅಜ್ಜಿ, ಹಾಗೇ ಬಿಡೋದು. ಮಾಸಿ ಹಳೇದಾದಷ್ಟೂ ಮರ್ಯಾದೆ ಜಾಸ್ತಿ.”

“ಹೌದಾ? ಹಾಗಿದ್ರೆ ಎಪ್ಪತ್ತು ದಾಟಿದೋಳು ಇಲ್ಲೊಬ್ಬಳು ಇದೀನಿ. ಯಾರಾದ್ರೂ ಎದ್ದು ಒಂದು ಲೋಟ ಕಾಫಿ ಕೊಡಿ.”